ಶಾಲೆ ಬಿಟ್ಟ ಮೇಲಿನ ಒಂದೂವರೆ ಗಂಟೆ: ನಿಮ್ಮ ಊರಿನಲ್ಲಿ ವಿಜ್ಞಾನದ ಸಂಜೆ ಶುರುಮಾಡುವ ಬಗೆ

ನಾಲ್ಕೂವರೆ ಹೊತ್ತಿಗೆ ಶಾಲೆಯ ಕೊನೆಯ ಗಂಟೆ ಬಾರಿಸಿದರೆ, ಕತ್ತಲಾಗುವವರೆಗೆ ಮಕ್ಕಳ ಕೈಯಲ್ಲಿ ಒಂದೂವರೆ, ಎರಡು ಗಂಟೆ ಇರುತ್ತದೆ. ದನ ಹೊಡೆದುಕೊಂಡು ಬರುವುದು, ನೀರು ತುಂಬುವುದು, ತಮ್ಮ ತಂಗಿಯರನ್ನು ಆಡಿಸುವುದು, ಟ್ಯೂಷನ್ನಿಗೆ ಓಡುವುದು ಎಲ್ಲವೂ ಆ ಹೊತ್ತಿನಲ್ಲೇ ಆಗಬೇಕು. ಆದರೂ ವಾರಕ್ಕೆ ಎರಡು ಸಂಜೆಯನ್ನು ವಿಜ್ಞಾನಕ್ಕಾಗಿ ಬಿಡಿಸಿಕೊಳ್ಳಬಹುದು. ನಮ್ಮ ಊರಿನಲ್ಲಿ ನಾವು ಕೆಲವರು ಸೇರಿ ಅದನ್ನು ಮಾಡುತ್ತಿದ್ದೇವೆ. ನೀವು ಶಿಕ್ಷಕರಾಗಿರಲಿ, ಪದವಿ ಓದುತ್ತಿರುವವರಾಗಿರಲಿ, ಗ್ರಂಥಾಲಯ ನೋಡಿಕೊಳ್ಳುವವರಾಗಿರಲಿ, ಊರಿಗೆ ಏನಾದರೂ ಮಾಡಬೇಕೆಂಬ ಹಂಬಲವಿರುವ ತಾಯಿಯೋ ತಂದೆಯೋ ಆಗಿರಲಿ, ಮುಂದಿನ ವಾರವೇ ಕೆಲಸ ಹಿಡಿಯಲು ಆಗುವಂತೆ ಇದನ್ನು ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಸಂಜೆಯ ತರಗತಿಗೆ ಪಾಠ ಮುಗಿಸುವ ಅವಸರವಿಲ್ಲ. ಶಾಲೆಯಲ್ಲಿ ವಿದ್ಯುತ್ ಮೋಟಾರಿನ ಪಾಠಕ್ಕೆ ನಲವತ್ತು ನಿಮಿಷದ ಒಂದೆರಡು ಪೀರಿಯಡ್ ಸಿಗುತ್ತದೆ. ನಿಮಗೆ ಮೂರು ವಾರ ಸಿಗುತ್ತದೆ. ಆ ಮೂರು ವಾರವನ್ನು ಒಂದೇ ಪ್ರಶ್ನೆಗೆ ಕೊಡುವ ಧೈರ್ಯ ನಿಮಗಿದ್ದರೆ ಮಕ್ಕಳು ವಿಜ್ಞಾನ ಕಲಿಯುತ್ತಾರೆ. ಹೋಂವರ್ಕ್ ಮಾಡಿಸಲು ಕುಳಿತುಬಿಟ್ಟರೆ ಊರಿಗೆ ಇನ್ನೊಂದು ಟ್ಯೂಷನ್ ಬಂದಂತಾಗುತ್ತದೆ, ಅಷ್ಟೇ.

ಮೊದಲು ಜಾಗ, ಹೊತ್ತು, ಒಪ್ಪಿಗೆ

ಹೊಸ ಕಟ್ಟಡ ಹುಡುಕಬೇಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಎಷ್ಟೋ ಕಡೆ ಅಲ್ಲಿ ಕಂಪ್ಯೂಟರ್, ಮಕ್ಕಳಿಗೆ ಕೂರಲು ಜಾಗ, ಓದಲು ಪುಸ್ತಕಗಳಿವೆ. ಶಾಲೆಯ ಜಗುಲಿಯೂ ಸಾಕು. ನಮಗೆ ಎರಡೂ ಬೇಕಾಯಿತು. ಬಯಲಿನ ಕೆಲಸ ಶಾಲೆಯ ಅಂಗಳದಲ್ಲಿ, ಓದು ಬರಹ ಅರಿವು ಕೇಂದ್ರದಲ್ಲಿ ನಡೆಯುತ್ತದೆ.

ಶಾಲೆಯ ಜಾಗ ಬಳಸುವುದಾದರೆ ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ಅರ್ಜಿ ಬರೆದುಕೊಡಿ. ಅರಿವು ಕೇಂದ್ರವಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಡಿ. ಬಾಯಿಮಾತಿನ ಒಪ್ಪಿಗೆ ಆರು ತಿಂಗಳು ನಡೆಯುತ್ತದೆ, ಅಧಿಕಾರಿ ವರ್ಗವಾದ ಮರುದಿನ ನಿಲ್ಲುತ್ತದೆ. ಯಾವ ದಿನ, ಎಷ್ಟು ಹೊತ್ತು, ಬೀಗದ ಕೈ ಯಾರ ಬಳಿ, ಜವಾಬ್ದಾರಿ ಯಾರದು ಎಂಬ ನಾಲ್ಕು ಸಾಲು ಅರ್ಜಿಯಲ್ಲಿ ಇರಲಿ.

ತಂದೆತಾಯಿಯರನ್ನು ಮನೆಗೇ ಹೋಗಿ ಕಾಣಿರಿ. ಸಭೆ ಕರೆದರೆ ಬರುವವರು ಹೇಗಿದ್ದರೂ ಮಕ್ಕಳನ್ನು ಕಳಿಸುವವರೇ. ಹೆಣ್ಣುಮಕ್ಕಳ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಹೊತ್ತಿಗೆ ಬಿಡುತ್ತೀರಿ’ ಎಂಬುದು. ಅದಕ್ಕೆ ಖಚಿತವಾದ ಉತ್ತರ ಕೊಡಿ, ಕೊಟ್ಟ ಮಾತನ್ನು ಒಂದು ದಿನವೂ ಮುರಿಯಬೇಡಿ. ನಾವು ಐದು ಮುಕ್ಕಾಲಿಗೆ ಸಾಮಾನು ಎತ್ತಿಡಲು ಶುರುಮಾಡುತ್ತೇವೆ, ಆರಕ್ಕೆ ಎಲ್ಲರೂ ಹೊರಟಿರುತ್ತಾರೆ. ಚಳಿಗಾಲದಲ್ಲಿ ಅದಕ್ಕೂ ಕಾಲು ಗಂಟೆ ಮೊದಲು. ಪ್ರಯೋಗ ಅರ್ಧದಲ್ಲಿದ್ದರೂ ಸರಿ, ಎದ್ದುಬಿಡಬೇಕು. ದೊಡ್ಡವರು ಯಾವಾಗಲೂ ಇಬ್ಬರಿರಬೇಕು, ಅವರಲ್ಲಿ ಒಬ್ಬರು ಹೆಂಗಸರಾಗಿರಬೇಕು. ಮಕ್ಕಳ ಸಹಾಯವಾಣಿ 1098 ಅನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಇನ್ನು ಹಸಿವು. ಮಧ್ಯಾಹ್ನದ ಊಟವಾಗಿ ಮೂರು ಗಂಟೆ ಕಳೆದಿರುವ ಮಗುವಿನ ಮುಂದೆ ಬ್ಯಾಟರಿ, ತಂತಿ ಇಟ್ಟರೆ ಅದರ ಕಣ್ಣು ಬಾಗಿಲ ಕಡೆಗಿರುತ್ತದೆ. ಮಂಡಕ್ಕಿ, ಹುರಿದ ಶೇಂಗಾ, ಒಂದು ಚೂರು ಬೆಲ್ಲ ಸಾಕು. ಇದನ್ನು ಊರವರೇ ಸರದಿಯಂತೆ ಕೊಡುತ್ತಾರೆ. ಮೊದಲ ವಾರ ಮಾತ್ರ ನೀವು ಕೇಳಬೇಕಾಗುತ್ತದೆ.

ಯಾರು ಕಲಿಸಬೇಕು?

ವಿಜ್ಞಾನ ಪದವೀಧರರೇ ಬೇಕೆಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ಬೇಕಾದದ್ದು ‘ನನಗೂ ಗೊತ್ತಿಲ್ಲ, ಮಾಡಿ ನೋಡೋಣ’ ಎಂದು ಮಕ್ಕಳೆದುರು ಹೇಳಲು ಅಂಜದ ಒಬ್ಬರು. ಪಿಯುಸಿ ಮುಗಿಸಿ ಊರಿನಲ್ಲಿರುವ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬಹಳ ಒಗ್ಗುತ್ತಾರೆ. ಚಿಕ್ಕ ಹುಡುಗಿಯರು ಅವರನ್ನು ಅಕ್ಕ ಎಂದು ಕರೆಯುತ್ತಾರೆ, ಕೇಳಲು ಹೆದರುವುದಿಲ್ಲ.

ಅವರ ಜೊತೆಗೆ ಊರಿನ ಕಸುಬುದಾರರನ್ನು ಕರೆಯಿರಿ. ಪಂಪ್‌ಸೆಟ್ ಇರುವ ಪ್ರತಿ ಹೋಬಳಿಯಲ್ಲೂ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಮೋಟಾರನ್ನು ಬಿಚ್ಚಿ, ಸುರುಳಿಗಳನ್ನು ಎಣಿಸಿ, ಹೊಸ ತಂತಿ ಸುತ್ತಿ ಕೊಡುವ ಆ ಮನುಷ್ಯನಿಗೆ ವಿದ್ಯುತ್ತು ಮತ್ತು ಕಾಂತದ ಬಗ್ಗೆ ಬೆರಳ ತುದಿಯಲ್ಲಿ ತಿಳಿವಳಿಕೆ ಇರುತ್ತದೆ. ಗಾರೆ ಮೇಸ್ತ್ರಿಗೆ ಮಟ್ಟ, ಲಂಬ, ಮೂಲೆಮಟ್ಟ ಗೊತ್ತು. ಆಶಾ ಕಾರ್ಯಕರ್ತೆಗೆ ಸೊಳ್ಳೆಯ ಮರಿ ಯಾವ ನೀರಿನಲ್ಲಿ ಬೆಳೆಯುತ್ತದೆ ಎಂಬುದು ಗೊತ್ತು. ಇವರಿಗೆ ಭಾಷಣ ಮಾಡಲು ಹೇಳಬೇಡಿ. ತಮ್ಮ ಸಲಕರಣೆಗಳನ್ನು ತಂದು, ಮಕ್ಕಳ ನಡುವೆ ಕುಳಿತು, ದಿನವೂ ಮಾಡುವ ಕೆಲಸವನ್ನೇ ಮಾಡಲು ಹೇಳಿ. ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಪೆಟ್ಟಿಗೆಯಲ್ಲಿ ಏನಿರಬೇಕು

ದುಬಾರಿ ಕಿಟ್ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ. ಹೊಳೆಯುವ ಪೆಟ್ಟಿಗೆಯ ಕಿಟ್ಟಿನಲ್ಲಿ ಒಂದು ಭಾಗ ಕಳೆದರೆ ಇಡೀ ಕಿಟ್ ಅಟ್ಟ ಸೇರುತ್ತದೆ. ಒಮ್ಮೆ ದಾನಿಗಳೊಬ್ಬರಿಂದ ಅಂಥ ಕಿಟ್‌ಗಳು ನಮಗೂ ಬಂದವು. ಒಡೆದೀತೆಂಬ ಭಯದಿಂದ ಮಕ್ಕಳ ಕೈಗೆ ಕೊಡದೆ ತಿಂಗಳುಗಟ್ಟಲೆ ಬೀರುವಿನಲ್ಲಿ ಇಟ್ಟಿದ್ದೆವು. ಅದು ನಮ್ಮದೇ ತಪ್ಪು. ಒಡೆದರೆ ಪೇಟೆಯಲ್ಲಿ ಮತ್ತೆ ಸಿಗುವಂಥ ಸಾಮಾನನ್ನೇ ಇಟ್ಟುಕೊಳ್ಳಬೇಕು ಎಂಬ ಪಾಠವನ್ನು ಅಲ್ಲಿ ಕಲಿತೆವು.

ಬೀಗ ಹಾಕುವ ಒಂದು ತಗಡಿನ ಟ್ರಂಕಿನಲ್ಲಿ ಇಷ್ಟಿದ್ದರೆ ಮೊದಲ ವರ್ಷ ನಡೆಯುತ್ತದೆ: ಪೆನ್ಸಿಲ್ ಸೆಲ್ಲು ಮತ್ತು ಟಾರ್ಚಿನ ದಪ್ಪ ಸೆಲ್ಲುಗಳು, ಬಿಳಿ ಎಲ್‌ಇಡಿಗಳು, ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತ, ರಿವೈಂಡಿಂಗ್ ಅಂಗಡಿಯ ತುಂಡು ತಾಮ್ರದ ತಂತಿ, ಸೇಫ್ಟಿ ಪಿನ್ನು, ರಬ್ಬರ್ ಬ್ಯಾಂಡು, ಉಪ್ಪುಕಾಗದ, ಭೂತಗನ್ನಡಿ ಎರಡು, ಅಳತೆ ಟೇಪು, ಥರ್ಮಾಮೀಟರು, ಒಂದು ಸಾಧಾರಣ ಮಲ್ಟಿಮೀಟರು, ಖಾಲಿ ಬಾಟಲಿಗಳು. ಜೊತೆಗೆ ಒಂದು ಪ್ರಥಮ ಚಿಕಿತ್ಸೆಯ ಡಬ್ಬಿ.

ಸುರಕ್ಷತೆಯ ವಿಷಯದಲ್ಲಿ ಮೂರು ಕಟ್ಟಳೆಗಳನ್ನು ಸಡಿಲಿಸಬೇಡಿ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಯಾವ ಪ್ರಯೋಗಕ್ಕೂ ಬಳಸಕೂಡದು, ಎಲ್ಲವೂ ಸೆಲ್ಲಿನಿಂದಲೇ ಆಗಬೇಕು. ಗಡಿಯಾರದಲ್ಲಿ ಹಾಕುವ ಗುಂಡಿಯಂಥ ಸೆಲ್ಲು ಟ್ರಂಕಿನೊಳಗೆ ಬರಲೇಕೂಡದು. ಅಕ್ಕಂದಿರ ಜೊತೆ ಬರುವ ಪುಟ್ಟ ಮಕ್ಕಳು ಅದನ್ನು ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಟ್ಟು ಜೀವಕ್ಕೆ ಅಪಾಯವಾಗುತ್ತದೆ. ಸುಣ್ಣ, ಆಸಿಡ್ಡು ಮುಂತಾದವನ್ನು ಮಕ್ಕಳ ಕೈಗೆ ಕೊಡಕೂಡದು.

ಮೊದಲ ಸಂಜೆ: ಆರತಿಯ ನೀರು

ಮೊದಲ ದಿನ ಪರಿಚಯ ಭಾಷಣ ಬೇಡ. ಆರತಿ ತಟ್ಟೆಯ ಕೆಂಪು ನೀರು ಎಲ್ಲ ಮಕ್ಕಳೂ ನೋಡಿರುವ ವಸ್ತು. ಅರಿಸಿನದ ಹಳದಿ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಕೆಂಪಾಗುತ್ತದೆ. ‘ಕುಂಕುಮ ಹಾಕಿಲ್ಲ, ಹಾಗಾದರೆ ಕೆಂಪು ಎಲ್ಲಿಂದ ಬಂತು?’ ಎಂದು ಕೇಳಿ. ದೊಡ್ಡವರು ಒಮ್ಮೆ ಮಾಡಿ ತೋರಿಸಿದರೆ ಸಾಕು. ಆಮೇಲೆ ಮಕ್ಕಳು ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಹಿಡಿದು ಸಾಬೂನು ನೀರು, ಅಡುಗೆ ಸೋಡಾ, ನಿಂಬೆರಸ, ಮಜ್ಜಿಗೆ, ಬೂದಿಯ ತಿಳಿ ಎಲ್ಲದರಲ್ಲೂ ಪರೀಕ್ಷೆ ಮಾಡಲಿ. ಕೆಂಪಾದ ಪಟ್ಟಿಗೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಪುಸ್ತಕದಲ್ಲಿ ‘ಸೂಚಕ’ (ಆಮ್ಲ, ಪ್ರತ್ಯಾಮ್ಲಗಳನ್ನು ಬಣ್ಣ ಬದಲಿಸಿ ತೋರಿಸುವ ವಸ್ತು) ಎಂದು ಓದಿದ ಪದ ಅಡುಗೆಮನೆಯ ಡಬ್ಬಿಯೊಳಗೇ ಇತ್ತೆಂದು ತಿಳಿದ ಮಕ್ಕಳು ಮಾರನೆಯ ವಾರ ದಾಸವಾಳ, ಬೀಟ್‌ರೂಟು, ನೇರಳೆಹಣ್ಣು ಹಿಡಿದುಕೊಂಡು ಬರುತ್ತಾರೆ. ಬರಲಿ ಬಿಡಿ.

ಮೂರು ವಾರದ ಮೋಟಾರು

ಇಲ್ಲಿಂದ ನಿಜವಾದ ಕೆಲಸ ಶುರು. ಇಬ್ಬಿಬ್ಬರ ಜೋಡಿ ಮಾಡಿ. ಪ್ರತಿ ಜೋಡಿಗೂ ಒಂದು ಟಾರ್ಚ್ ಸೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ರಬ್ಬರ್ ಬ್ಯಾಂಡು, ಒಂದು ಅಯಸ್ಕಾಂತ, ಒಂದು ಮೀಟರಿನಷ್ಟು ತಂತಿ. ತಂತಿಯನ್ನು ಆರಿಸುವಾಗ ಎಚ್ಚರ: ಸಬ್‌ಮರ್ಸಿಬಲ್ ಮೋಟಾರಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ, ಅದು ಬೇಡ. ಸಣ್ಣ ಮೊನೊಬ್ಲಾಕ್ ಪಂಪಿಗೆ ಸುತ್ತುವ, ಕಂದು ಬಣ್ಣದ ತೆಳು ಲೇಪವಿರುವ 22ರಿಂದ 24 ಗೇಜಿನ ತಂತಿ ಕೇಳಿ. ಸುಟ್ಟ ಮೋಟಾರಿನಿಂದ ಬಿಚ್ಚಿದ್ದು ಬೇಡ, ಹೊಸ ತಂತಿಯ ಉಳಿಕೆ ತುಂಡುಗಳೇ ಬೇಕು.

ಮಾಡುವ ಕ್ರಮ ಇಷ್ಟು:

1. ತಂತಿಯನ್ನು ದಪ್ಪ ಪೆನ್ನಿನ ಸುತ್ತ ಎಂಟು ಹತ್ತು ಸುತ್ತು ಸುತ್ತಿ ಉಂಗುರದಂತೆ ಮಾಡಿ. ಎರಡು ತುದಿಗಳು ಎದುರುಬದುರಾಗಿ ಮೂರು ಸೆಂಟಿಮೀಟರ್ ಹೊರಚಾಚಿರಲಿ.
2. ಸೇಫ್ಟಿ ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೂ ಒತ್ತಿ ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಪಿನ್ನಿನ ಕಿವಿಗಳು ಮೇಲೆ ಬರಲಿ.
3. ಸುರುಳಿಯ ತುದಿಗಳನ್ನು ಆ ಕಿವಿಗಳೊಳಗೆ ತೂರಿಸಿ, ಸುರುಳಿಯ ಕೆಳಗೆ ಸೆಲ್ಲಿನ ಮೇಲೆ ಅಯಸ್ಕಾಂತ ಇಡಿ.
4. ತಂತಿಯ ತುದಿಗಳ ಲೇಪವನ್ನು ಉಪ್ಪುಕಾಗದದಿಂದ ಕೆರೆಯಿರಿ. ಸುರುಳಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿಬಿಡಿ.

ನಾಲ್ಕನೆಯ ಹಂತದಲ್ಲಿ ಒಂದು ಗುಟ್ಟಿದೆ. ಅದನ್ನು ಮಕ್ಕಳಿಗೆ ಹೇಳಬೇಡಿ. ನಾವು ಮೊದಲ ಸಲ ಮಾಡಿದಾಗ ಏಳು ಜೋಡಿಗಳಲ್ಲಿ ಆರರ ಸುರುಳಿ ನಡುಗಿತು, ತೊನೆಯಿತು, ಅಲ್ಲೇ ನಿಂತಿತು. ಒಂದು ಮಾತ್ರ ಗಿರ್ರನೆ ತಿರುಗಿತು. ಅದನ್ನು ಮಾಡಿದ ಹುಡುಗನಿಗೂ ಕಾರಣ ಗೊತ್ತಿರಲಿಲ್ಲ. ಮಕ್ಕಳು ಸೆಲ್ಲು ಬದಲಿಸಿದರು, ಅಯಸ್ಕಾಂತ ಬದಲಿಸಿದರು, ಸುತ್ತು ಹೆಚ್ಚಿಸಿದರು. ಆ ದಿನ ಉಳಿದ ಯಾರದೂ ತಿರುಗಲಿಲ್ಲ, ಹಾಗೆಯೇ ಮನೆಗೆ ಹೋದರು. ಮುಂದಿನ ಸಂಜೆ ಎಂಟನೆಯ ತರಗತಿಯ ಒಬ್ಬ ಹುಡುಗಿ ಭೂತಗನ್ನಡಿ ಹಿಡಿದು, ತಿರುಗುವ ಸುರುಳಿಯನ್ನೂ ತನ್ನದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತ ಕುಳಿತಳು. ಬಹಳ ಹೊತ್ತಾದ ಮೇಲೆ, ‘ಸರ್, ಇವನು ಸರಿಯಾಗಿ ಕೆರೆದೇ ಇಲ್ಲ. ಒಂದು ತುದಿಯಲ್ಲಿ ಕೆಳಗಿನ ಅರ್ಧ ಇನ್ನೂ ಕಂದು ಬಣ್ಣವೇ ಇದೆ’ ಎಂದಳು.

ಅದೇ ಗುಟ್ಟು. ಒಂದು ತುದಿಯ ಲೇಪವನ್ನು ಪೂರ್ತಿ ಕೆರೆಯಬೇಕು, ಇನ್ನೊಂದರಲ್ಲಿ ಅರ್ಧ ಮೈ ಮಾತ್ರ. ಎರಡೂ ಪೂರ್ತಿ ಕೆರೆದರೆ ಅಯಸ್ಕಾಂತ ಸುರುಳಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ ಉಳಿದರ್ಧ ಹಿಂದಕ್ಕೆ ಎಳೆಯುತ್ತದೆ, ಸುರುಳಿ ತೂಗಾಡಿ ನಿಲ್ಲುತ್ತದೆ. ಅರ್ಧ ಲೇಪ ಉಳಿದರೆ ಹಿಂದಕ್ಕೆಳೆಯುವ ಹೊತ್ತಿಗೆ ಸರಿಯಾಗಿ ವಿದ್ಯುತ್ತು ಕಡಿದುಹೋಗುತ್ತದೆ, ಸುರುಳಿ ತನ್ನ ಓಟದಲ್ಲೇ ಆ ಅರ್ಧವನ್ನು ದಾಟಿ ಮತ್ತೆ ತಳ್ಳಿಸಿಕೊಳ್ಳುತ್ತದೆ. ಆ ಹುಡುಗಿಯ ಮಾತು ಕೇಳಿ ಆರು ಜೋಡಿಗಳೂ ಹೊಸ ತಂತಿ ತೆಗೆದುಕೊಂಡವು. ಹತ್ತು ನಿಮಿಷದಲ್ಲಿ ಜಗುಲಿಯ ತುಂಬ ಸುರುಳಿಗಳು ತಿರುಗುತ್ತಿದ್ದವು. ನಾನು ಮೊದಲೇ ಹೇಳಿಬಿಟ್ಟಿದ್ದರೆ ಒಂದೇ ಸಂಜೆಯಲ್ಲಿ ಏಳು ಮೋಟಾರು ತಿರುಗುತ್ತಿದ್ದವು, ಆದರೆ ಭೂತಗನ್ನಡಿ ಪೆಟ್ಟಿಗೆಯಿಂದ ಹೊರಗೆ ಬರುತ್ತಿರಲಿಲ್ಲ.

(ಕೆಲವು ಸೆಕೆಂಡು ತಿರುಗಿದ ಮೇಲೆ ಸುರುಳಿಯನ್ನು ತೆಗೆದುಬಿಡಬೇಕು. ನಿಂತ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತಿದ್ದರೆ ತಂತಿ, ಸೆಲ್ಲು ಎರಡೂ ಬಿಸಿಯಾಗುತ್ತವೆ.)

ಮೂರನೆಯ ವಾರ ರಿವೈಂಡಿಂಗ್ ಅಂಗಡಿಯವರನ್ನು ಕರೆಯಿರಿ. ಮಿಕ್ಸಿಯ ಮೋಟಾರು ಬಿಚ್ಚಿ ಕಾರ್ಬನ್ ಬ್ರಷ್ಷನ್ನೂ ಅದು ಒತ್ತಿಕೊಂಡಿರುವ, ತಾಮ್ರದ ಪಟ್ಟಿಗಳ ಕಮ್ಯುಟೇಟರನ್ನೂ ತೋರಿಸಲಿ. ಅರ್ಧ ಕೆರೆದ ತಂತಿಯ ಕೆಲಸವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುವ ಭಾಗ ಆ ಕಮ್ಯುಟೇಟರ್ ಎಂಬುದು ಮಕ್ಕಳಿಗೆ ತಕ್ಷಣ ಹೊಳೆಯುತ್ತದೆ. ಆಮೇಲೆ ಪಂಪಿನ ಮೋಟಾರು ಬಿಚ್ಚಲಿ. ಅದರಲ್ಲಿ ಬ್ರಷ್ಷೇ ಇಲ್ಲ! ಹಾಗಾದರೆ ಅದು ತಿರುಗುವುದು ಹೇಗೆ? ಮುಂದಿನ ತಿಂಗಳಿಗೆ ಪ್ರಶ್ನೆ ಸಿಕ್ಕಿತು.

ಮಳೆಗಾಲಕ್ಕೆ: ಗಾದೆಯನ್ನು ಅಳೆಯಿರಿ

ಜೂನ್‌ನಲ್ಲಿ ಶುರುಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ಎರಡು ಲೀಟರಿನ, ಮೈ ನೇರವಾಗಿರುವ ಪಾನೀಯದ ಬಾಟಲಿ ತೆಗೆದುಕೊಳ್ಳಿ. ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಬಾಯಿಗೆ ಇಡಿ. ಬಾಟಲಿಯ ಬುಡ ಏರುತಗ್ಗಾಗಿರುವುದರಿಂದ ಬೆಣಚುಕಲ್ಲು ತುಂಬಿ, ನೇರ ಭಾಗ ಶುರುವಾಗುವವರೆಗೆ ನೀರು ಹಾಕಿ, ಆ ಮಟ್ಟಕ್ಕೆ ಸೊನ್ನೆ ಎಂದು ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಮಳೆಮಾಪಕ ಸಿದ್ಧ. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟು ದೂರದಲ್ಲಿ ನೆಡಿ.

ಅಳೆಯುವ ಹೊತ್ತು ಬೆಳಿಗ್ಗೆ 8.30. ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದೂ ಆ ಹೊತ್ತಿಗೇ. ಹತ್ತಿರದ ಮನೆಯ ಮಗು ಶಾಲೆಗೆ ಹೊರಡುವ ಮುನ್ನ ನೋಡಿ ಬರೆದು, ನೀರು ಚೆಲ್ಲಿ, ಸೊನ್ನೆಗೆ ತಂದಿಡಬೇಕು. ಸಂಜೆ ಎಲ್ಲರೂ ಸೇರಿದಾಗ ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ತರಗತಿ ಕೋಣೆಯ ಚಾವಣಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ 1,200 ಲೀಟರ್. ಅದೆಲ್ಲ ಎಲ್ಲಿಗೆ ಹೋಯಿತು ಎಂದು ಮಕ್ಕಳೇ ಕೇಳುತ್ತಾರೆ.

ಈಗ ಅಜ್ಜ ಅಜ್ಜಿಯರನ್ನು ಸೇರಿಸಿಕೊಳ್ಳಿ. ನಮ್ಮ ರೈತರ ಲೆಕ್ಕದಲ್ಲಿ ಮಳೆಗೆ ನಕ್ಷತ್ರದ ಹೆಸರಿದೆ. ಜೂನ್ ಎರಡನೇ ವಾರಕ್ಕೆ ಮೃಗಶಿರಾ, ಜೂನ್ 22ರ ಸುಮಾರಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬ, ಉತ್ತರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. 365 ದಿನವನ್ನು 27ರಿಂದ ಭಾಗಿಸಿದರೆ ಬರುವುದೂ ಅಷ್ಟೇ. ಮಕ್ಕಳು ತಾವು ಅಳೆದ ಮಳೆಯನ್ನು ತಿಂಗಳ ಬದಲು ನಕ್ಷತ್ರದ ಪ್ರಕಾರ ಕೂಡಿಸಿ ಪಟ್ಟಿ ಮಾಡಲಿ. ‘ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ’ ಎಂಬ ಮಾತು ನಮ್ಮ ಊರಿನಲ್ಲಿ ಈ ವರ್ಷ ನಿಜವಾಯಿತೇ? ಎಷ್ಟು ದಿನ ಸುರಿಯಿತು, ಎಷ್ಟು ದಿನ ಬಿಡುವು ಕೊಟ್ಟಿತು? ಗಾದೆ ಹುಟ್ಟಿದ್ದು ಮಲೆನಾಡಿನಲ್ಲೋ ಬಯಲುಸೀಮೆಯಲ್ಲೋ? ಒಂದು ವರ್ಷದ ಅಂಕಿಯಿಂದ ಗಾದೆ ಸುಳ್ಳೆಂದು ತೀರ್ಪು ಕೊಡುವಂತಿಲ್ಲ ಎಂಬುದನ್ನೂ ಇಲ್ಲಿಯೇ ಕಲಿಸಬೇಕು. ಹತ್ತು ವರ್ಷದ ಪುಸ್ತಕ ಬೇಕು, ಅದನ್ನು ಈಗ ಶುರುಮಾಡಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ಅಂಕಿಗೂ ಮಕ್ಕಳ ಬಾಟಲಿಯ ಅಂಕಿಗೂ ಹೋಲಿಸಿ. ವ್ಯತ್ಯಾಸ ಬಂದೇ ಬರುತ್ತದೆ, ಏಕೆ ಬಂತೆಂಬ ಚರ್ಚೆಯೇ ಪಾಠ.

ಅರಿವು ಕೇಂದ್ರದ ಕಂಪ್ಯೂಟರಿಗೆ ಇದೇ ತಕ್ಕ ಕೆಲಸ. ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇವೆಂದು ಬಣ್ಣ ತುಂಬುವ ಚಿತ್ರ ಹಾಕಿಕೊಟ್ಟು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ತಾವೇ ಅಳೆದ ನೂರು ದಿನದ ಮಳೆಯನ್ನು ಕನ್ನಡದಲ್ಲಿ ತಲೆಬರಹ ಕೊಟ್ಟು ಸ್ಪ್ರೆಡ್‌ಶೀಟಿಗೆ ಏರಿಸಿ, ಕಂಬದ ಚಿತ್ರ ತೆಗೆದಾಗ ಆ ಯಂತ್ರ ಯಾಕೆ ಬೇಕೆಂಬುದು ಅವರಿಗೆ ತಿಳಿಯುತ್ತದೆ.

ಈ ಮಳೆ ಪುಸ್ತಕ ಮುಂದೆ ಬೇರೆ ಬಾಗಿಲುಗಳನ್ನೂ ತೆರೆಯುತ್ತದೆ. 1993ರಿಂದ ನಡೆದು ಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಅಧ್ಯಯನ ಮಾಡಿ ಒಯ್ಯುತ್ತಾರೆ. ಕರ್ನಾಟಕದಲ್ಲಿ ಈ ಕೆಲಸವನ್ನು ಹೊತ್ತು ಬಂದಿರುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಕೊನೆಯ ವಾರದಲ್ಲಿ ದೊಡ್ಡವರು ಬರೆದುಕೊಟ್ಟ ಪ್ರಾಜೆಕ್ಟಿಗಿಂತ ಮಣ್ಣು ಮೆತ್ತಿದ ಮಳೆ ಪುಸ್ತಕಕ್ಕೆ ತೂಕ ಹೆಚ್ಚು.

ಮೊಬೈಲನ್ನು ಅಳತೆಗೋಲು ಮಾಡಿ

ಮೊಬೈಲ್ ಬೇಡ ಎಂದು ದಿನವೂ ಗದರಿಸಿಕೊಳ್ಳುವ ಮಕ್ಕಳಿಗೆ ಅದರೊಳಗೆ ಶಬ್ದ, ಬೆಳಕು, ಕಾಂತಕ್ಷೇತ್ರ, ವೇಗೋತ್ಕರ್ಷಗಳನ್ನು ಅಳೆಯುವ ಸಂವೇದಕಗಳಿವೆ ಎಂಬುದು ಗೊತ್ತಿರುವುದಿಲ್ಲ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಅವನ್ನೆಲ್ಲ ತೆರೆದಿಡುತ್ತದೆ. ಎರಡು ಮೊಬೈಲ್ ಇದ್ದರೆ ಶಬ್ದದ ವೇಗವನ್ನು ಶಾಲೆಯ ಅಂಗಳದಲ್ಲಿ ಅಳೆಯಬಹುದು.

ಆ್ಯಪ್‌ನಲ್ಲಿ ಸದ್ದಿಗೆ ಓಡಿ ಸದ್ದಿಗೆ ನಿಲ್ಲುವ ಗಡಿಯಾರವನ್ನು ತೆರೆದು, ಮೊಬೈಲ್‌ಗಳನ್ನು ಟೇಪಿನಿಂದ ಅಳೆದು ಸರಿಯಾಗಿ ಹತ್ತು ಮೀಟರ್ ದೂರದಲ್ಲಿಡಿ. ಎರಡೂ ಕಡೆ ಒಂದೊಂದು ಮಗು ಸ್ಟೀಲ್ ತಟ್ಟೆ, ಸೌಟು ಹಿಡಿದು ನಿಲ್ಲಲಿ. ಮೊದಲ ಮಗು ತಟ್ಟೆ ಬಡಿದಾಗ ಅದರ ಪಕ್ಕದ ಗಡಿಯಾರ ತಕ್ಷಣ ಓಡುತ್ತದೆ. ಎರಡನೆಯದು ಸದ್ದು ತಲುಪಿದ ಮೇಲೆ ಓಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎರಡನೆಯ ಮಗು ಬಡಿದಾಗ ಅದರ ಗಡಿಯಾರ ತಕ್ಷಣ ನಿಲ್ಲುತ್ತದೆ, ಮೊದಲನೆಯದು ತಡವಾಗಿ ನಿಲ್ಲುತ್ತದೆ. ಎರಡು ಗಡಿಯಾರಗಳ ವ್ಯತ್ಯಾಸವೆಂದರೆ ಶಬ್ದ ಹೋಗಿಬರುವ ಇಪ್ಪತ್ತು ಮೀಟರಿಗೆ ಹಿಡಿದ ಸಮಯ. ಅದು 0.058 ಸೆಕೆಂಡಿನ ಆಸುಪಾಸಿನಲ್ಲಿ ಬಂದರೆ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಹತ್ತು ಸಲ ಮಾಡಿಸಿ, ಸರಾಸರಿ ತೆಗೆಯಿರಿ. ಕಾಗೆ ಕೂಗಿದ್ದಕ್ಕೆ ಗಡಿಯಾರ ಓಡಿಬಿಟ್ಟರೆ ಆ ಅಂಕಿಯನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂಬ ಜಗಳ ನಡೆಯುತ್ತದೆ. ನಡೆಯಲು ಬಿಡಿ, ತೀರ್ಮಾನ ಅವರದೇ ಆಗಲಿ.

ಪುಸ್ತಕ ಯಾರ ಕೈಯಲ್ಲಿ, ಸ್ಕ್ರೂಡ್ರೈವರ್ ಯಾರ ಕೈಯಲ್ಲಿ?

ಗುಂಪು ಮಾಡಿ ಬಿಟ್ಟರೆ ಎರಡೇ ವಾರದಲ್ಲಿ ಒಂದು ಅಭ್ಯಾಸ ಬೇರೂರುತ್ತದೆ. ಹುಡುಗರು ಬಿಚ್ಚುತ್ತಾರೆ, ಜೋಡಿಸುತ್ತಾರೆ. ಹುಡುಗಿಯರು ಅಂದವಾದ ಅಕ್ಷರದಲ್ಲಿ ಬರೆಯುತ್ತಾರೆ. ಇದನ್ನು ಕಣ್ಣಿಟ್ಟು ತಡೆಯಬೇಕು. ಮಾಡುವವರು, ಅಳೆಯುವವರು, ಬರೆಯುವವರು, ಸಾಮಾನು ಎಣಿಸಿ ಇಡುವವರು ಎಂಬ ನಾಲ್ಕು ಕೆಲಸಗಳನ್ನು ಚೀಟಿಯಲ್ಲಿ ಬರೆದು, ಪ್ರತಿ ಸಂಜೆ ಸರದಿ ಬದಲಿಸಿ. ಇದನ್ನು ತಪ್ಪಿಸಬೇಡಿ.

ಪುಸ್ತಕದಲ್ಲಿ ಬರೆಯುವ ಭಾಷೆಯ ಬಗ್ಗೆ: ಮಗು ತನ್ನ ಮಾತಿನಲ್ಲಿ ಬರೆಯಲಿ. ‘ಸುರುಳಿ ಗಡಗಡ ನಡುಗಿ ಸುಮ್ಮನಾಯಿತು’ ಎಂದು ಬರೆದರೆ ಅದನ್ನು ತಿದ್ದಿ ಪಠ್ಯದ ಭಾಷೆಗೆ ತರಬೇಡಿ. ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಮೊದಲು ತಮ್ಮ ಮಾತಿನಲ್ಲಿ ಜೊತೆಯವರಿಗೆ ಹೇಳಿ ಆಮೇಲೆ ಕನ್ನಡದಲ್ಲಿ ಬರೆಯಬಹುದು. ಸೂಚಕ, ಸುರುಳಿ, ಸರಾಸರಿ ಎಂಬ ಪದಗಳು ಕೆಲಸ ಮುಗಿದ ಮೇಲೆ ಬಂದರೆ ಮರೆಯುವುದಿಲ್ಲ.

ಅಂಕ ಎಷ್ಟು ಏರಿತು ಎಂದು ತಂದೆತಾಯಿ ಕೇಳಿಯೇ ಕೇಳುತ್ತಾರೆ. ಹತ್ತನೆಯ ತರಗತಿಯ ಮಕ್ಕಳನ್ನು ಜನವರಿಯಿಂದ ಬಲವಂತ ಮಾಡಬೇಡಿ, ಪರೀಕ್ಷೆ ಮುಗಿಸಿಕೊಂಡು ಬರಲಿ. ಉಳಿದವರ ಮನೆಯವರನ್ನು ತಿಂಗಳಿಗೊಮ್ಮೆ ಸಂಜೆಗೇ ಕರೆಯಿರಿ. ಮಗಳು ತಿರುಗಿಸಿದ ಮೋಟಾರನ್ನು ತಾಯಿ ಕೈಯಲ್ಲಿ ಹಿಡಿದು ನೋಡಿದ ಮೇಲೆ ನೀವು ವಾದ ಮಾಡುವ ಅಗತ್ಯ ಬೀಳುವುದಿಲ್ಲ.

ಹರಡುವುದು ಹೇಗೆ

ಒಂದು ವರ್ಷ ಗಟ್ಟಿಯಾಗಿ ನಡೆದ ಮೇಲೆ ಪಕ್ಕದ ಊರಿನವರು ಕೇಳುತ್ತಾರೆ. ಆಗ ಆತುರ ಪಡಬೇಡಿ. ಮಧ್ಯಪ್ರದೇಶದ ಹೋಶಂಗಾಬಾದಿನ ವಿಜ್ಞಾನ ಬೋಧನಾ ಕಾರ್ಯಕ್ರಮ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಆರಂಭವಾಯಿತು. ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿದ್ದು 1978ರಲ್ಲಿ. ಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಿಂದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿ 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಅವರ ದಾರಿ ಶುರುವಾದದ್ದೂ ಅಲ್ಲಿಯೇ. ಅಲ್ಲಿನ ಶಿಕ್ಷಕರು ತಿಂಗಳಿಗೊಮ್ಮೆ ಸೇರಿ, ಏನು ಕೆಟ್ಟಿತು, ಯಾವ ಪ್ರಶ್ನೆಗೆ ಉತ್ತರ ತಿಳಿಯಲಿಲ್ಲ ಎಂದು ಮಾತಾಡುತ್ತಿದ್ದರು. ನೀವೂ ಎರಡನೆಯ ಊರಿಗೆ ಟ್ರಂಕ್ ಕಳಿಸುವ ಮೊದಲು ಆ ಊರಿನ ಇಬ್ಬರನ್ನು ಎರಡು ತಿಂಗಳು ನಿಮ್ಮ ಸಂಜೆಗೆ ಬಂದು ಕೂರಲು ಹೇಳಿ. ನಿಮ್ಮಲ್ಲಿ ಒಂಬತ್ತನೆಯ ತರಗತಿ ದಾಟಿದ ಮಕ್ಕಳು ಅವರ ಜೊತೆ ಹೋಗಲಿ.

ಹೊರಗಿನ ನೆರವನ್ನೂ ಕೇಳಿ ಪಡೆಯಿರಿ. ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ಸಾಧನ ಮಾಡಿ ಕಲಿಯುವ ಕೋಣೆ) ಯೋಜನೆಯಲ್ಲಿ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ಬಂದಿದೆ. ನಿಮ್ಮ ತಾಲ್ಲೂಕಿನ ಯಾವ ಶಾಲೆಯಲ್ಲಿ ಅದಿದೆ ಎಂದು ವಿಚಾರಿಸಿ, ತಿಂಗಳಿಗೊಂದು ಸಂಜೆ ನಿಮ್ಮ ಮಕ್ಕಳಿಗೂ ತೆರೆಯಲು ಕೇಳಿ. ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ಅರಿವು ಕೇಂದ್ರಕ್ಕೆ ತರಿಸಿ. ವರ್ಷಕ್ಕೊಂದು ಪ್ರವಾಸಕ್ಕೆ ದಕ್ಷಿಣದವರಿಗೆ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಕರಾವಳಿಯವರಿಗೆ ಪಿಲಿಕುಳದ ವಿಜ್ಞಾನ ಕೇಂದ್ರ ಇದೆ. ಹಣ, ಜಾಗ, ದೀಪದ ಬೇಡಿಕೆಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದುನಿಂತು ಇಡಲಿ. ಮಳೆಯ ಅಂಕಿ ಹಿಡಿದು ಮಾತಾಡುವ ಹುಡುಗಿಯ ಮಾತನ್ನು ಪಂಚಾಯಿತಿ ಸದಸ್ಯರು ತಳ್ಳಿಹಾಕುವುದು ಕಷ್ಟ.

ಎರಡು ಊರು, ಒಂದು ಕೋಲು

ಎರಡು ಕೇಂದ್ರಗಳು ಆದ ಮೇಲೆ ಒಟ್ಟಿಗೆ ಮಾಡಬೇಕಾದ ಒಂದು ಪ್ರಯೋಗವನ್ನು ಹೇಳುತ್ತೇನೆ. ಇದು ಸಂಜೆಯದಲ್ಲ, ಬೇಸಿಗೆ ರಜೆಯ ನಡುಮಧ್ಯಾಹ್ನದ್ದು. ನಮ್ಮ ರಾಜ್ಯದ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ಕಲಬುರಗಿಗೆ ಮೇ ಎರಡನೇ ವಾರದಲ್ಲಿ. ಬೆಂಗಳೂರಿನಲ್ಲಿ ಏಪ್ರಿಲ್ 24ರಂದು ನೆರಳು ಕಾಣೆಯಾಗುವುದು 12.18ರ ಹೊತ್ತಿಗೆ, ಮಂಗಳೂರಿನಲ್ಲಿ 12.29ಕ್ಕೆ. ಕೈಗಡಿಯಾರ ಎರಡೂ ಕಡೆ ಒಂದೇ, ಸೂರ್ಯನ ಮಧ್ಯಾಹ್ನ ಮಾತ್ರ ಹನ್ನೊಂದು ನಿಮಿಷ ಬೇರೆ.

ಬೆಂಗಳೂರಿನ ಸೀಮೆಯಲ್ಲಿ ನಿಮ್ಮ ಕೇಂದ್ರವಿದ್ದರೆ ಕಲಬುರಗಿ ಕಡೆಯ ಒಂದು ಶಾಲೆಯನ್ನೋ ಬಂಧುಗಳ ಮಕ್ಕಳನ್ನೋ ಜೊತೆಗೆ ಹಿಡಿಯಿರಿ. ಅದೇ ದಿನ ಎರಡೂ ಕಡೆ ಒಂದು ಮೀಟರ್ ಎತ್ತರದ ಕೋಲು ನೆಟ್ಟು, 12 ಗಂಟೆಯಿಂದ 12.40ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕಬೇಕು. ಇಲ್ಲಿ ನೆರಳು ಸೊನ್ನೆಯಾದರೆ ಅಲ್ಲಿ ಅತಿ ಚಿಕ್ಕ ನೆರಳು ಏಳೂವರೆ ಸೆಂಟಿಮೀಟರಿನ ಆಸುಪಾಸು ಇರುತ್ತದೆ. ಅದನ್ನು ಕೋನಕ್ಕೆ ತಿರುಗಿಸಿದರೆ ಸುಮಾರು 4.4 ಡಿಗ್ರಿ. ಎರಡು ಊರುಗಳ ನಡುವೆ ಉತ್ತರ ದಕ್ಷಿಣದ ಅಂತರ ಸುಮಾರು 480 ಕಿ.ಮೀ. ಹಾಗಾದರೆ 360 ಡಿಗ್ರಿಗೆ ಎಷ್ಟು? ಮಕ್ಕಳು ಲೆಕ್ಕ ಮಾಡಲಿ. ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ. ಹತ್ತಿರ ಬರಬೇಕು.

ಲೆಕ್ಕ 33 ಸಾವಿರಕ್ಕೋ 48 ಸಾವಿರಕ್ಕೋ ಹೋಗಿ ನಿಂತರೆ ಮೊದಲು ಕೋಲನ್ನು ನೋಡಿ. ಅದು ಒಂದೇ ಡಿಗ್ರಿ ವಾಲಿದ್ದರೂ ನೆರಳು 1.7 ಸೆಂಟಿಮೀಟರ್ ತಪ್ಪುತ್ತದೆ. ಗಾರೆ ಮೇಸ್ತ್ರಿಯವರ ತೂಗುಗುಂಡು ತಂದು, ಕೋಲಿನ ನಾಲ್ಕೂ ಮಗ್ಗುಲಿಗೆ ಹಿಡಿದು ನೆಟ್ಟಗೆ ಮಾಡಿಸಿ, ಮಾರನೆಯ ದಿನ ಮಧ್ಯಾಹ್ನ ಮತ್ತೊಮ್ಮೆ ಅಳೆಯಿರಿ. ಅಂದು ಮೋಡವಿದ್ದರೆ ಆಗಸ್ಟ್ 18ಕ್ಕೆ ಕೋಲು ತೆಗೆದಿಡಿ.